ಬೂದಿಗುಡ್ಡದ ಕೊನೆಯ ಹೋಳು

ನಾನು ಒಂದು ಕಾದಂಬರಿ. ಹುಟ್ಟಿದ್ದು ಗದಗಿನ ಒಂದು ಸಣ್ಣ ಮುದ್ರಣಾಲಯದಲ್ಲಿ, ಲಗ್ನಪತ್ರಿಕೆಗಳ ಸೀಜನ್ ಮುಗಿದು ಯಂತ್ರ ಸುಮ್ಮನೆ ಕೂತಿದ್ದ ದಿನಗಳಲ್ಲಿ. ನನ್ನ ಹೆಸರು ‘ಬೂದಿಗುಡ್ಡದ ವಿದ್ಯಾಲಯ’. ಕಾಗದ ಅಗ್ಗದ್ದು, ಮಸಿ ಕೈಗೆ ಹತ್ತುವಂಥದ್ದು. ಮುಖಪುಟಕ್ಕೆ ಮಾತ್ರ ಕೈ ಬಿಚ್ಚಿ ಖರ್ಚು ಮಾಡಿದ್ದರು: ಕಪ್ಪು ಕಟ್ಟಡ, ಕಿಟಕಿಯಲ್ಲಿ ದೀಪ, ಕೂದಲು ಕೆದರಿಕೊಂಡು ನಿಂತ ಹೆಂಗಸು, ಅವಳ ಉಗುರಿನ ತುದಿಯಲ್ಲಿ ರಕ್ತ. ಅಂಥ ಹೆಂಗಸು ನನ್ನೊಳಗೆ ಎಲ್ಲಿಯೂ ಇಲ್ಲ. ಚಿತ್ರ ಬರೆದವನು ನನ್ನನ್ನು ಓದಿರಲಿಲ್ಲ. ಓದದೆ ತೀರ್ಪು ಕೊಟ್ಟವರಲ್ಲಿ ಅವನೇ ಮೊದಲಿಗ.

ನನ್ನೊಳಗಿನ ಕಥೆ ಏನೆಂದು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಗುಡ್ಡದ ಮೇಲೊಂದು ವಸತಿ ಶಾಲೆ. ಅಲ್ಲಿನ ಐವರು ಜಾಣ ಹುಡುಗಿಯರಿಗೆ ಹಳೆಯ ಗ್ರಂಥಾಲಯದಲ್ಲಿ ಮಾಟದ ಹಸ್ತಪ್ರತಿಯೊಂದು ಸಿಗುತ್ತದೆ. ಅದನ್ನು ಓದಿ ಅರ್ಥ ಹೇಳುವವನು ಎಲ್ಲರ ಮೆಚ್ಚಿನ ಸಂಸ್ಕೃತ ಮಾಸ್ತರ. ಒಬ್ಬೊಬ್ಬಳೇ ಹುಡುಗಿ ಸಾಯತೊಡಗುತ್ತಾಳೆ. ಹಾಸ್ಟೆಲಿನ ಮುದುಕಿ ತುಳಜಾ ಮಾತ್ರ ಹುಡುಗಿಯರ ಉದುರಿದ ಕೂದಲನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಒಯ್ಯುತ್ತಿರುತ್ತಾಳೆ. ಇವಳೇ ಮಾಟಗಾತಿ ಎಂದು ಎಲ್ಲರೂ ಬೆರಳು ತೋರಿಸುತ್ತಾರೆ. ಕೊನೆಗೆ ಗೊತ್ತಾಗುವುದೇ ಬೇರೆ. ಮಾಟದ ಹೆಸರಿನಲ್ಲಿ ವಿಷ ಹಾಕುತ್ತಿದ್ದವನು ಮಾಸ್ತರ. ತುಳಜಾ ಆ ಕೂದಲು ಮಾಟದ ನೆಪಕ್ಕೆ ಅವನ ಕೈಗೆ ಸಿಗಬಾರದೆಂದು ಒಯ್ದು ಒಲೆಗೆ ಹಾಕುತ್ತಿದ್ದಳು. ಹುಡುಗಿಯರ ಮೇಲೆ ನಿಜವಾಗಿ ಜೀವ ಇಟ್ಟವಳು ಆ ಶಾಲೆಯಲ್ಲಿ ಅವಳೊಬ್ಬಳೇ. ನಾನೇನು ದೊಡ್ಡ ಸಾಹಿತ್ಯವಲ್ಲ, ಒಪ್ಪುತ್ತೇನೆ. ಆದರೆ ನನ್ನ ಮುಕ್ತಾಯ ಚೆನ್ನಾಗಿದೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಗದಗಿನಲ್ಲೇ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಗೆ ನನ್ನನ್ನು ಕೊಂಡರು. ದಬ್ಬಣದಿಂದ ಚುಚ್ಚಿ, ದಪ್ಪ ದಾರದಲ್ಲಿ ಹೊಲಿದು, ರಟ್ಟು ಹಾಕಿ, ಮೈತುಂಬ ಲೈಬ್ರರಿಯ ಹೆಸರಿನ ಸಿಕ್ಕೆ ಒತ್ತಿದರು. ಓದುಗರು ಅಂದರೆ ಎಂಥವರು ಅಂತ ನನಗೆ ಅಲ್ಲಿ ಗೊತ್ತಾಯಿತು. ಹೆಂಗಸರು ಒಂದು ಪುಟದ ಸಂಖ್ಯೆಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕುತ್ತಿದ್ದರು. ಇನ್ನೊಮ್ಮೆ ನಾನು ಕೈಗೆ ಬಂದರೆ ಓದಿಯಾಗಿದೆ ಎಂದು ಗೊತ್ತಾಗಲಿ ಅಂತ. ಅಂದರೆ ಕಥೆ ತಲೆಯಲ್ಲಿ ಉಳಿಯುವುದಿಲ್ಲ ಅನ್ನುವುದು ಅವರಿಗೆ ಮೊದಲೇ ಖಾತ್ರಿಯಿತ್ತು. ನಿವೃತ್ತ ಮಾಸ್ತರರೊಬ್ಬರು ನನ್ನ ಒತ್ತಕ್ಷರ, ದೀರ್ಘಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ, ಕಥೆಯ ಬಗ್ಗೆ ಒಂದಕ್ಷರ ಬರೆಯದೆ ವಾಪಸು ಕೊಟ್ಟರು. ಕಾಲೇಜಿನ ಹುಡುಗಿಯೊಬ್ಬಳು, ‘ಮೊದಲಿನ ನೂರು ಪುಟ ಬಿಟ್ಟು ಓದಿರಿ’ ಎಂದು ಬರೆದಳು. ಅದರ ಕೆಳಗೆ ಇನ್ನೊಬ್ಬರು, ‘ಉಳಿದ ನೂರನ್ನೂ ಬಿಡಬಹುದು’ ಎಂದು ಬರೆದರು. ನನ್ನ ಮೈ ಉರಿಯಿತು. ಏನು ಮಾಡುವುದು, ಪುಸ್ತಕಕ್ಕೆ ಬಾಯಿಲ್ಲ.

ಇವರೆಲ್ಲರಿಗಿಂತ ಕಡೆಯಾದವನು ಒಬ್ಬ ವಿಮಾ ಏಜೆಂಟ. ಅವನು ನನ್ನನ್ನು ಮುಕ್ಕಾಲು ಪಾಲು ಓದಿದ. ತುಳಜಾ ಕೆಂಪು ಬಟ್ಟೆಯ ಗಂಟು ಕಟ್ಟುವಲ್ಲಿಗೆ ಬಂದವನೇ ಅಂಚಿನಲ್ಲಿ, ‘ಈ ಮುದುಕಿಯೇ ಮಾಟಗಾತಿ. ನನಗೆ ಮೊದಲೇ ಗೊತ್ತಿತ್ತು’ ಎಂದು ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ. ಅದರ ಕೆಳಗೆ ಎರಡು ಗೆರೆ ಎಳೆದ. ಗೊತ್ತಾದ ಮೇಲೆ ಓದುವುದೇನಿದೆ ಎಂದು ಅಲ್ಲಿಗೇ ಮುಚ್ಚಿ ವಾಪಸು ಕೊಟ್ಟ. ನನ್ನ ಮುಂದಿನ ಪುಟಗಳು ಅವನ ಕೈ ಕಾಣಲೇ ಇಲ್ಲ.

ಮುಂದೆ ಲೈಬ್ರರಿ ಮುಚ್ಚಿತು. ಗಜೇಂದ್ರಗಡದ ರಸ್ತೆಯಲ್ಲಿ ಹೆಣ್ಣುಮಕ್ಕಳ ಒಂದು ವಸತಿ ಶಾಲೆ ಇತ್ತು. ಅದರ ಮುಖ್ಯೋಪಾಧ್ಯಾಯಿನಿ ವತ್ಸಲಾಬಾಯಿ ನನ್ನನ್ನು ಇನ್ನೂ ಹಲವು ಪುಸ್ತಕಗಳ ಜತೆ ಕೊಂಡು ಒಯ್ದರು. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ನನ್ನನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಪುಟವನ್ನೂ ಹಾರಿಸದೆ, ಮನಸ್ಸಿಟ್ಟು ಓದಿದ ಮೊದಲ ಜೀವ ಅವರೇ. ಓದಿ ಮುಗಿಸಿ, ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡರು. ನಾನು ಆ ಹೊತ್ತು ಅವರಿಗೆ ಸೋತುಹೋದೆ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅವರ ಮೇಜಿನ ಮೇಲಿಂದ ನನ್ನನ್ನು ಎತ್ತಿದವರು ಒಂಬತ್ತನೇ ಇಯತ್ತೆಯ ಹುಡುಗಿಯರು. ಮುಖಪುಟದ ಹೆಂಗಸೇ ಸಾಕಾಗಿತ್ತು ಅವರಿಗೆ. ಒಬ್ಬಳು ಓದಿ ಮುಗಿಸುವವರೆಗೆ ಇನ್ನೊಬ್ಬಳಿಗೆ ತಡೆಯದು. ಕೊನೆಗೆ ಗೊಬ್ಬರದ ಅಂಗಡಿಯವರ ಮಗಳು ಭುವನಾ ಒಂದು ಉಪಾಯ ತೆಗೆದಳು. ಬ್ಲೇಡು ತಂದು ನನ್ನ ಹೊಲಿಗೆ ಕತ್ತರಿಸಿ ನಾಲ್ಕು ಹೋಳು ಮಾಡಿದಳು. ಒಬ್ಬೊಬ್ಬರಿಗೆ ಒಂದೊಂದು ಹೋಳು, ಮುಗಿದಂತೆ ಅದಲುಬದಲು. ಭೂಗೋಳದ ಪುಸ್ತಕದೊಳಗೆ ನನ್ನನ್ನಿಟ್ಟುಕೊಂಡು ಸಂಜೆಯ ಅಭ್ಯಾಸದ ಹೊತ್ತಿನಲ್ಲಿ ಓದುತ್ತಿದ್ದರು. ನೋವಾಯಿತು, ನಿಜ. ಆದರೆ ಅಷ್ಟು ಹಸಿದು ನನ್ನನ್ನು ಯಾರೂ ಓದಿರಲಿಲ್ಲ. ಅಲ್ಲದೆ ಹೋಳಾದ ಮೇಲೆ ನಾನು ಒಂದೇ ಹೊತ್ತಿಗೆ ನಾಲ್ಕು ಕಡೆ ಇರಬಲ್ಲವನಾದೆ. ಆದ್ದರಿಂದಲೇ ಮುಂದಿನದನ್ನೆಲ್ಲ ಹೇಳಲು ಆಗುತ್ತಿದೆ.

ಆ ಹಾಸ್ಟೆಲಿನ ಆಯಾ ಫಕೀರವ್ವ. ಗಂಡನಿಲ್ಲದ ಹೆಂಗಸು, ಪಕ್ಕದ ಊರಿನವಳು. ರವಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಒಬ್ಬೊಬ್ಬಳ ತಲೆಗೂ ಎಣ್ಣೆ ಹಚ್ಚಿ, ಸೀರಣಿಗೆಯಲ್ಲಿ ಹೇನು ತೆಗೆದು, ಎರಡು ಜಡೆ ಹೆಣೆದು ಬಿಡುತ್ತಿದ್ದಳು. ‘ನಿಮ್ಮವ್ವ ಬಂದ ಕೇಳಿದ್ರ ನಾ ಏನ್ ಹೇಳ್ಲಿ, ಈ ತಲಿ ನೋಡಿ’ ಎಂದು ಬೈಯುತ್ತಲೇ ಇರುತ್ತಿದ್ದಳು. ಹಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಹಸಿರು ಕುಪ್ಪಸದ ಬಟ್ಟೆಯಲ್ಲಿ ಕಟ್ಟಿ, ತನ್ನ ಕೋಣೆಯ ಗೂಟಕ್ಕೆ ಹಾಕುತ್ತಿದ್ದಳು. ಆ ಕಡೆ ಅದು ಯಾರಿಗೂ ಹೊಸದಲ್ಲ. ಕೂದಲು ಕೊಳ್ಳುವವನು ಸೈಕಲ್ ಮೇಲೆ ಓಣಿ ಓಣಿ ತಿರುಗುತ್ತಾನೆ, ಕೂದಲು ತೂಗಿ ಪಾತ್ರೆ ಕೊಡುತ್ತಾನೆ. ಆ ಹುಡುಗಿಯರ ತಾಯಂದಿರೂ ಮನೆಯಲ್ಲಿ ಗೋಡೆಯ ಸಂದಿಗೆ ಕೂದಲು ತುರುಕಿ ಇಡುವವರೇ. ಫಕೀರವ್ವನ ಮಗಳು ರೇಣುಕಾಳಿಗೆ ಗಂಡು ಗೊತ್ತಾಗಿತ್ತು. ಮದುವೆಯಲ್ಲಿ ಮಗಳ ಮುಂದೆ ಸಾಲಾಗಿ ಇಡಲು ನಾಲ್ಕು ಪಾತ್ರೆ ಬೇಕಲ್ಲ, ಅದಕ್ಕೇ ಅವಳ ಈ ಆಸ್ಥೆ.

ಅಷ್ಟರಲ್ಲಿ ನಾಗವೇಣಿ ಎಂಬ ಹುಡುಗಿಗೆ ಜ್ವರ ಬಂದು, ಕಾಮಣಿಯಾಗಿ ಕಣ್ಣು ಹಳದಿಯಾಯಿತು. ಅವಳ ಅಪ್ಪ ಬಂದು ಮನೆಗೆ ಕರೆದುಕೊಂಡು ಹೋದ. ಅವಳ ಚೀಲದಲ್ಲಿ, ಗಣಿತದ ಪುಸ್ತಕದೊಳಗೆ, ನನ್ನ ನಾಲ್ಕನೇ ಹೋಳೂ ಹೋಯಿತು. ಮುದುಕಿ ನಿರಪರಾಧಿ ಎಂದು ಹೇಳುವ ಹೋಳು ಅದೊಂದೇ, ಉಳಿದವರ ಕೈಗೆ ಅದಿನ್ನೂ ಬಂದಿರಲಿಲ್ಲ.

ಹಾಸ್ಟೆಲಿನಲ್ಲಿ ಉಳಿದ ಹುಡುಗಿಯರು ಮೂರನೇ ಹೋಳು ಮುಗಿಸಿ ಕೂತಿದ್ದರು. ಅದು ಮುಗಿಯುವುದೇ ಆ ಕೆಂಪು ಗಂಟಿನಲ್ಲಿ. ಪಕ್ಕದಲ್ಲಿ ಆ ವಿಮಾ ಏಜೆಂಟನ ಅಕ್ಷರ. ಯಾರೋ ಒಬ್ಬ ದೊಡ್ಡ ಮನುಷ್ಯ, ಪೂರ್ತಿ ಓದಿದವನು, ಗೆರೆ ಎಳೆದು ಹೇಳಿದ್ದಾನೆ, ಇನ್ನೇನು ಬೇಕು? ಅವರು ತಲೆಯೆತ್ತಿ ನೋಡಿದಾಗ ಅಂಗಳದಲ್ಲಿ ಫಕೀರವ್ವ ಹಣಿಗೆಯಿಂದ ಕೂದಲು ಬಿಡಿಸುತ್ತಿದ್ದಳು. ಒಬ್ಬಳು ಹೋಗಿ ಅವಳ ಕೋಣೆ ಇಣುಕಿ ಬಂದು ಗಂಟು ಕೆಂಪಗಿದೆ ಅಂದಳು. ಕಣ್ಣಾರೆ ಕಂಡದ್ದನ್ನೂ ನನ್ನಲ್ಲಿ ಬರೆದಂತೆ ತಿದ್ದಿಕೊಂಡಳು ಆ ಹುಡುಗಿ. ಅಲ್ಲಿಂದ ಯಾರೂ ತಲೆ ಬಾಚಿಸಿಕೊಳ್ಳಲು ಕೂರಲಿಲ್ಲ. ‘ಯಾಕವ್ವ, ನನ್ನ ಮ್ಯಾಲೆ ಸಿಟ್ಟೇನು?’ ಎಂದು ಫಕೀರವ್ವ ಕೇಳಿದರೆ ಓಡಿಹೋಗುತ್ತಿದ್ದರು.

ಪಾಲಕರು ಬರುವ ರವಿವಾರ ಭುವನಾ ಅಪ್ಪನ ಕೊರಳಿಗೆ ಬಿದ್ದು ಅತ್ತಳು. ‘ಪಪ್ಪಾ, ನಾ ಇಲ್ಲಿ ಇರಂಗಿಲ್ಲ. ಆಕಿ ನಮ್ಮ ಕೂದ್ಲ ಗಂಟ ಕಟ್ಟಿ ಇಟ್ಟಾಳ. ನಾಗವೇಣಿಗೆ ಅದಕ್ಕ ಕಾಮಣಿ ಆಗೇತಿ.’

ಗೊಬ್ಬರದ ಅಂಗಡಿಯ ಸಾಹುಕಾರ ಶಾಲೆಯ ಅಂಗಳವನ್ನೇ ತಲೆ ಮೇಲೆ ಹೊತ್ತ. ‘ಏನ್ರಿ ಬಾಯಾರ, ಸಾಲಿ ನಡಸಾಕ್ಹತ್ತೀರೊ, ಮಾಟದ ಮನಿ ನಡಸಾಕ್ಹತ್ತೀರೊ?’

ಉಳಿದ ಪಾಲಕರೂ ಸುತ್ತ ನೆರೆದರು. ಫಕೀರವ್ವ ತಾನೇ ಗಂಟು ತಂದು ಎಲ್ಲರ ಮುಂದೆ ಬಿಚ್ಚಿದಳು. ಅವಳಿಗೆ ಇನ್ನೂ ಅದು ನಗುವ ಮಾತೇ ಅನ್ನಿಸಿತ್ತು. ‘ಕೂದ್ಲಿನಾಂವ ಬರ್ತಾನಲ್ರಿ ಸಾವ್ಕಾರ್ರ, ಅವಗ ಕೊಡಾಕ ಕೂಡಿಟ್ಟೀನ್ರಿ. ಮಗಳ ಮದ್ವಿಗೆ ನಾಕು ಪಾತ್ರಿ ಆಗ್ಲಿ ಅಂತ. ನಿಮ್ಮ ಮನ್ಯಾಗ ಅಕ್ಕಾರು ಕೊಡೂದಿಲ್ಲೇನ್ರಿ?’

ಸಾಹುಕಾರನ ಮನೆಯಲ್ಲೂ ಕೊಡುತ್ತಿದ್ದರು. ಆದರೆ ಇಷ್ಟು ಮಂದಿಯ ಮುಂದೆ ಕೂಗಾಡಿದ ಮೇಲೆ ಹಿಂದೆ ಸರಿಯುವುದು ಹೇಗೆ? ‘ನಮ್ಮ ಮನಿ ಸುದ್ದಿ ನಿನಗ್ಯಾಕ?’ ಎಂದ. ಯಾರೋ ಹಿಂದಿನಿಂದ ‘ಮಾಟಗಾತಿ’ ಅಂದರು. ಅಲ್ಲಿಗೆ ಮಾತು ಮುಗಿಯಿತು.

ವತ್ಸಲಾಬಾಯಿ ಹುಡುಗಿಯರನ್ನು ಬೇರೆ ಕರೆದು ವಿಚಾರಿಸಿದರು. ಭುವನಾ ನನ್ನ ಮೂರು ಹೋಳನ್ನೂ ತಂದು ಅವರ ಕೈಗಿಟ್ಟಳು. ಮೊದಲ ಪುಟದಲ್ಲಿ ತಮ್ಮದೇ ಹೆಸರು ಕಂಡು ಅವರ ಮುಖ ಬಿಳಿಚಿತು. ಅವರಿಗೆ ಎಲ್ಲವೂ ತಿಳಿಯಿತು: ಈ ಹುಚ್ಚು ಎಲ್ಲಿಂದ ಬಂತು, ಯಾವ ಹೋಳು ಇಲ್ಲ, ಅದರಲ್ಲಿ ಏನಿದೆ. ಹೊರಗೆ ಹೋಗಿ ಎರಡು ಮಾತು ಆಡಿದ್ದರೆ ಸಾಕಿತ್ತು. ‘ಇದು ಕಥೆ, ಇದರ ಮುಕ್ತಾಯ ಹೀಗಿದೆ’ ಅಂದಿದ್ದರೆ ಸಾಹುಕಾರನೂ ನಕ್ಕು ಮನೆಗೆ ಹೋಗುತ್ತಿದ್ದ. ಆದರೆ ಇಂಥ ಪುಸ್ತಕ ಶಾಲೆಗೆ ತಂದವರು ಯಾರು ಎಂದು ಆಮೇಲೆ ಯಾರಾದರೂ ಕೇಳುತ್ತಿದ್ದರು. ಅವರು ನನ್ನನ್ನು ಡ್ರಾವರಿನಲ್ಲಿ ಹಾಕಿ ಬೀಗ ಹಾಕಿದರು. ನಾನು ಒಳಗಿಂದ ಬಾಯಿ ಬಡಿದುಕೊಂಡೆ, ಯಾರಿಗೆ ಕೇಳಬೇಕು?

ಆಮೇಲೆ ಫಕೀರವ್ವನನ್ನು ಕರೆದರು. ‘ನಿಂದೇನೂ ತಪ್ಪಿಲ್ಲ, ನನಗ ಗೊತ್ತದ. ಆದ್ರ ಇವತ್ತ ಒಬ್ಬಾಕಿ ಸಾಲಿ ಬಿಟ್ರ ನಾಳೆ ಹತ್ತು ಮಂದಿ ಬಿಡ್ತಾರ. ನೀ ಸ್ವಲ್ಪ ದಿವಸ ಮನ್ಯಾಗ ಇರು.’

‘ಎಷ್ಟ ದಿನಾರಿ ಬಾಯಾರ?’

‘ಹೇಳಿ ಕಳಸ್ತೀನಿ.’

ಹೇಳಿ ಕಳಿಸಲೇ ಇಲ್ಲ.

ನಾಗವೇಣಿ ಇದಾವುದೂ ಗೊತ್ತಿಲ್ಲದೆ, ಮನೆಯಲ್ಲಿ ಪಥ್ಯದ ಗಂಜಿ ಕುಡಿಯುತ್ತ, ನನ್ನ ನಾಲ್ಕನೇ ಹೋಳನ್ನು ಮತ್ತೆ ಮತ್ತೆ ಓದಿದಳು. ತುಳಜಾ ನಿರಪರಾಧಿ ಎಂದು ಗೊತ್ತಾಗುವ ಪುಟದ ಮೇಲೆ ಅವಳ ಕಣ್ಣೀರು ಬಿದ್ದಿದೆ, ಮಸಿ ಹಬ್ಬಿದ್ದು ಈಗಲೂ ಕಾಣುತ್ತದೆ. ಗುಣವಾಗಿ ಹಾಸ್ಟೆಲಿಗೆ ಬಂದಳು. ಗೆಳತಿಯರು ಅವಳ ಕೈಯಿಂದ ಹೋಳು ಕಸಿದುಕೊಂಡು, ಒಬ್ಬಳು ಓದಿ ಹೇಳುತ್ತ, ಉಳಿದವರು ಸುತ್ತ ಕೂತು ಕೇಳಿದರು. ನಾನು ಉಸಿರು ಬಿಗಿಹಿಡಿದು ಕಾದೆ. ಈಗ ಇವರಿಗೆ ಗೊತ್ತಾಗುತ್ತದೆ, ಈಗ ಅಳುತ್ತಾರೆ, ಈಗ ಆ ಹೆಂಗಸಿನ ಮನೆಗೆ ಓಡುತ್ತಾರೆ ಅಂದುಕೊಂಡೆ. ಓದಿ ಮುಗಿಯಿತು. ಆಮೇಲೆ ಭುವನಾ ಪೆನ್ನು ತೆಗೆದು ನನ್ನ ಕೊನೆಯ ಪುಟದಲ್ಲಿ ಬರೆದಳು: ‘ಮುಕ್ತಾಯ ಸಪ್ಪೆ. ಮುದುಕಿಯೇ ಮಾಟಗಾತಿ ಆಗಿದ್ದರೆ ಚೆನ್ನಾಗಿರುತ್ತಿತ್ತು.’

ಅವಳು ಕೆಟ್ಟ ಹುಡುಗಿಯೇನಲ್ಲ. ಹಾಗೆ ಬರೆಯದಿದ್ದರೆ ತಾನು ಮಾಡಿದ್ದೇನು ಎಂದು ಯೋಚಿಸಬೇಕಾಗುತ್ತಿತ್ತು. ಅದು ಅವಳಿಗೆ ಬೇಡವಾಗಿತ್ತು.

ನಾಗವೇಣಿ ಮಾತ್ರ ಹೋಳು ಹಿಡಿದುಕೊಂಡು ವತ್ಸಲಾಬಾಯಿಯ ಕೋಣೆಗೆ ಹೋದಳು. ‘ಬಾಯಾರ, ಇವ್ರು ಪೂರ್ತಿ ಓದಿರ್ಲಿಲ್ರಿ. ಇದ್ರಾಗ ಮುದುಕಿದೇನೂ ತಪ್ಪಿಲ್ಲ. ನನಗ ಕಾಮಣಿ ಆಗಿದ್ದು ಕೆಟ್ಟ ನೀರಿನಿಂದ ಅಂತ ಡಾಕ್ಟರ ಅಂದಾರ. ಫಕೀರವ್ವನ್ನ ಕರಸ್ರಿ.’

‘ಈ ಪುಸ್ತಕ ಯಾರದು ಅಂತ ಯಾರರ ಕೇಳಿದ್ರ ಏನ್ ಹೇಳ್ತಿ?’

‘ನಿಮ್ಮದು ಅಂತ ಹೇಳ್ತೀನ್ರಿ.’

ವತ್ಸಲಾಬಾಯಿ ಹೋಳನ್ನು ಕೈಚಾಚಿ ತೆಗೆದುಕೊಂಡರು. ‘ಮುಂದಿನ ವರ್ಷ ಹತ್ತನೇ ಇಯತ್ತೆ ಅದ. ಅದರ ಕಡೆ ಲಕ್ಷ್ಯ ಕೊಡು’ ಅಂದರು.

ಆ ಸಂಜೆ ಅವರೇ ಸೂಜಿ ದಾರ ಹಿಡಿದು ನನ್ನ ನಾಲ್ಕು ಹೋಳನ್ನೂ ಸೇರಿಸಿ ಹೊಲಿದರು. ಹೊಲಿಗೆ ಅಚ್ಚುಕಟ್ಟಾಗಿತ್ತು. ತಮ್ಮ ಹೆಸರಿದ್ದ ಪುಟವನ್ನು ಹರಿದು ತೆಗೆದರು.

ಮರುದಿನವೋ ಅದರಾಚೆಯೋ ಫಕೀರವ್ವ ಬಂದಳು. ನಾನು ಮೇಜಿನ ಮೇಲೇ ಇದ್ದೆ. ಅವಳನ್ನು ಕಂಡ ಕೂಡಲೇ ವತ್ಸಲಾಬಾಯಿ ನನ್ನ ಮೇಲೆ ದಿನಪತ್ರಿಕೆ ಎಳೆದರು. ಪತ್ರಿಕೆಯ ಅಂಚಿನ ಸಂದಿಯಿಂದ ನನಗೆ ಕಂಡದ್ದು ನೆಲದ ಒಂದು ತುಂಡು, ಕೇಳಿದ್ದು ಅವಳ ದನಿ.

‘ಬಾಯಾರ, ನನ್ನ ನೌಕರಿ ಹೋದ್ರ ಹೋಗ್ಲಿರಿ. ಊರಾಗ ಕೂಸುಗಳ್ನ ನನ್ನ ಮುಂದ ತರಂಗಿಲ್ಲ. ಬೀಗರಿಗೆ ಸುದ್ದಿ ಮುಟ್ಟೇತಿ, ಮಾಟ ಮಾಡಾಕಿ ಮಗಳ್ನ ನಾವು ಹ್ಯಾಂಗ ತರೂಣು ಅಂತಾರ. ನೀವು ಒಂದ ಮಾತ ಹೇಳ್ರಿ. ನೀವು ಓದಿದವ್ರು, ನಿಮ್ಮ ಮಾತ ಕೇಳ್ತಾರ.’

ವತ್ಸಲಾಬಾಯಿ ಕುರ್ಚಿಯಿಂದ ಎದ್ದರು. ಆಮೇಲೆ ಕಪಾಟು ತೆಗೆದ ಸಪ್ಪಳವಾಯಿತು. ಸ್ಟೀಲಿನ ಕೊಡವೊಂದನ್ನು ನೆಲದ ಮೇಲೆ ಇಟ್ಟರು. ‘ಮಗಳ ಮದುವಿಗೆ ನನ್ನ ಕಡೆಯಿಂದ ಇದು ಇರಲಿ’ ಅಂದರು.

‘ಪಾತ್ರಿ ಅದಾವ್ರಿ ಬಾಯಾರ’ ಅಂದಳು ಫಕೀರವ್ವ. ‘ಮದ್ವೀನ ಇಲ್ಲ.’

ಕೊಡವನ್ನು ಮುಟ್ಟದೆ ಹೋದಳು.

ಈಗ ನಾನು ಶಾಲೆಯ ಗ್ರಂಥಾಲಯದ ಕೆಳಗಿನ ಅರೆಯಲ್ಲಿದ್ದೇನೆ. ವತ್ಸಲಾಬಾಯಿ ನಿವೃತ್ತರಾಗಿ ಬಹಳ ಕಾಲವಾಯಿತು. ರೇಣುಕಾಳ ಮದುವೆ ಆಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ, ಈ ಕಪಾಟಿನವರೆಗೆ ಅಂಥ ಸುದ್ದಿ ಬರುವುದಿಲ್ಲ. ಬರುವವರು ಹೊಸ ಹುಡುಗಿಯರು. ಹಿಂದೆ ಈ ಶಾಲೆಯಲ್ಲಿ ಫಕೀರವ್ವ ಎಂಬ ಮಾಟಗಾತಿ ಇದ್ದಳು, ಹುಡುಗಿಯರ ಕೂದಲಿನಿಂದ ಒಬ್ಬಳನ್ನು ಕೊಂದೇಬಿಟ್ಟಳು, ಅವಳ ಮೇಲೇ ಈ ಕಾದಂಬರಿ ಬರೆದರು ಎಂದು ಹಿರಿಯ ಹುಡುಗಿಯರು ಕಿರಿಯರಿಗೆ ಹೇಳಿಕೊಡುತ್ತಾರೆ. ನಾನು ಅಚ್ಚಾದ ಎಷ್ಟೋ ವರ್ಷಗಳ ಮೇಲೆ ಅವಳು ನನ್ನ ಕಣ್ಣಿಗೆ ಬಿದ್ದವಳು. ಆ ಮಾತು ಯಾರಿಗೆ ಬೇಕು? ಅವರು ನನ್ನನ್ನು ಆಸೆಯಿಂದ ಎತ್ತಿಕೊಳ್ಳುತ್ತಾರೆ, ಕೆಂಪು ಗಂಟಿನವರೆಗೆ ಓದುತ್ತಾರೆ. ಅಲ್ಲಿ ಹೊಲಿಗೆ ಕಾಣುತ್ತದೆ. ಅದರಾಚೆಯ ಪುಟಗಳನ್ನು ಆಮೇಲೆ ಯಾರೋ ಸೇರಿಸಿದ್ದಾರೆ, ಅವಳ ಮಾನ ಉಳಿಸಲು ಬರೆದ ಸುಳ್ಳು ಅದು ಎಂದು ಹೇಳಿ ನನ್ನನ್ನು ಮುಚ್ಚಿಡುತ್ತಾರೆ.