ಕುಳ್ಳ ಸೇತುವೆಗೆ ವಾಲಿದ ಮೇಬೆಲ್

ಶನಿವಾರ ದೋಣಿ ನೋಡಲು ಜನ ಬರುತ್ತಾರೆ ಎಂದು ಮರ್ಟನ್ ಹೇಳಿದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಕಣ್ಣೀರಿಗೆ ಬೇರೆ ಕಾರಣ ಹುಡುಕುವ ಕಷ್ಟ ತಪ್ಪಿತು.

"ಯಾವ ದೋಣಿ?" ಎಂದೆ.

"ನಮ್ದೇ. ಮೇಬೆಲ್ ಮಾರಿಬಿಡೋಣ ಅಂತ."

ಹದಿನಾಲ್ಕು ವರ್ಷದಿಂದ ಅಕ್ಟೋಬರ್ ಬಂತೆಂದರೆ ಗಂಡ ಹೆಂಡತಿ ಇಬ್ಬರೂ ಮೇನ್‌ನಿಂದ ಹಾಯಿ ಬಿಚ್ಚಿ ಫ್ಲಾರಿಡಾಕ್ಕೆ ಇಳಿಯುವವರು ನಾವು. ಈಗ ನಾವು ತಂಗಿದ್ದ ನಾರ್ಫೊಕ್ ಬಂದರು ಮುಟ್ಟಿದ ಮೇಲೆ ದಾರಿ ಎರಡಾಗುತ್ತದೆ. ಹೊರದಾರಿ ಹಿಡಿದರೆ ಹ್ಯಾಟರಸ್ ಭೂಶಿರ ಸುತ್ತಿಕೊಂಡು ಮೂರ್ನಾಲ್ಕು ದಿನದಲ್ಲಿ ಚಾರ್ಲ್‌ಸ್ಟನ್. ಒಳದಾರಿಯಲ್ಲಾದರೆ ಕಾಲುವೆ, ಹೊಳೆ, ಜೌಗು, ಸೇತುವೆ ಅಂತ ಹತ್ತು ದಿನ ತೆವಳಬೇಕು. ಮರ್ಟನ್ ಯಾವತ್ತೂ ಹೊರದಾರಿಯವನು. ನಲವತ್ತು ವರ್ಷ ಕಂಡವರ ಮನೆಯ ಪಿಯಾನೋ ಮುಂದೆ ಬಗ್ಗಿ ಕೂತು ಶ್ರುತಿ ಮಾಡಿದವನಿಗೆ ನೆಲ ಕಾಣದ ಕಡೆ ಹೋದರೇ ಉಸಿರು. ನಾನೂ ಹೂಂ ಎಂದು ಹೋಗುತ್ತಿದ್ದೆ. ಹೋದ ವರ್ಷ ಹ್ಯಾಟರಸ್ ಹತ್ತಿರ ಒಂದು ಹಾಳು ಅಲೆ ನನ್ನನ್ನು ಎತ್ತಿ ಚುಕ್ಕಾಣಿಯ ಕಂಬಕ್ಕೆ ಬಡಿಯಿತು. ಎರಡು ಪಕ್ಕೆಲುಬು ಮುರಿದವು. ಅವು ಕೂಡಿಕೊಂಡು ಎಷ್ಟೋ ತಿಂಗಳಾಗಿತ್ತು, ಆದರೂ ಹೊರದಾರಿ ಎಂದರೆ ಈಗಲೂ ನನಗೆ ಹೆದರಿಕೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹಾಗಾದರೆ ಒಳದಾರಿಯಲ್ಲೇ ಹೋಗಬಹುದಲ್ಲ ಎಂದರೆ, ಮೇಬೆಲ್‌ಳ ಹಾಯಿಕಂಬ ನೀರಿನಿಂದ ಅರವತ್ತನಾಲ್ಕು ಅಡಿ ಎಂಟು ಇಂಚು. ಒಳದಾರಿಯ ಸೇತುವೆಗಳೆಲ್ಲ ಅರವತ್ತೈದು ಅಡಿ, ತಲೆ ತಗ್ಗಿಸದೆ ದಾಟಬಹುದು. ಕ್ಯಾರೊಲೈನಾದ ಜೌಗಿನ ಕಾಲುವೆಯ ಮೇಲಿರುವ ಒಂದು ಮಾತ್ರ ಅರವತ್ತನಾಲ್ಕೇ. ಕಟ್ಟಿದ ಪುಣ್ಯಾತ್ಮ ಯಾರೋ, ಒಂದು ಅಡಿಯಲ್ಲಿ ಜುಗ್ಗತನ ಮಾಡಿದ. ದೋಣಿಯವರೆಲ್ಲ ಅದನ್ನು ಕುಳ್ಳ ಸೇತುವೆ ಎಂದೇ ಕರೆಯುವುದು.

"ಹೊರಗೆ ನಿನ್ನ ಕರ್ಕೊಂಡು ಹೋಗಲ್ಲ. ಒಳಗೆ ಇವಳು ತೂರಲ್ಲ. ಇನ್ನೇನು ಮಾಡ್ಲಿ, ನೀನೇ ಹೇಳು," ಎಂದ ಮರ್ಟನ್.

"ನನ್ನ ಒಂದ್ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಹೊರಗೇ ಹೋಗೋಣ ಅಂತಿದ್ದೆ. ಹಲ್ಲು ಕಚ್ಕೊಂಡು ಬರ್ತಿದ್ದೆ."

ಅದು ನಿಜವಾದ್ದರಿಂದ ನನಗೆ ಇನ್ನೂ ಸಿಟ್ಟು ಬಂತು. ಅರ್ಧ ಹೆಚ್ಚಿದ ಈರುಳ್ಳಿ ಬಿಟ್ಟು ಪಕ್ಕದ ದೋಣಿಯ ಡೋರೀನ್ ಹತ್ತಿರ ಹೋಗಿ ಎಲ್ಲ ಒದರಿಬಿಟ್ಟೆ. ಡೋರೀನ್ ನೋವಾ ಸ್ಕೋಶಿಯಾದವಳು, ಆಡಿದ್ದನ್ನು ನಿಂತ ಕಾಲಲ್ಲೇ ಮಾಡುವವಳು.

"ದೋಣಿ ವಾಲಿಸಿದ್ರೆ ಕಂಬ ತಗ್ಗುತ್ತೆ ತಾನೆ?" ಎಂದಳು. "ನೀರಿನ ಕ್ಯಾನು ಕಟ್ಟಿ ವಾಲಿಸ್ತಾರಪ್ಪ ಎಷ್ಟೋ ಜನ. ಸಾಲದಿದ್ರೆ ನಾವಿದೀವಲ್ಲ. ನಮ್ಮ ಕ್ಲೆಮ್ ಒಂದು ಬದಿ ಕೂತ್ರೆ ಚರ್ಚಿನ ಬೆಂಚೇ ಎದ್ದುಬಿಡುತ್ತೆ."

ಮರ್ಟನ್ ಒಪ್ಪಿದ. ಆದರೆ ಕೊಳ್ಳುವವರಿಗೆ ಬೇಡ ಎನ್ನಲಿಲ್ಲ. "ದಾಟಿದ್ರೆ ಸರಿ. ಇಲ್ಲಾಂದ್ರೆ ಅಲ್ಲಿಗೇ ಬರ್ಲಿ ಅವರು, ಕಾರಲ್ಲಿ ಎಷ್ಟೊತ್ತು," ಎಂದ. ಮೂರು ದಿನ ಕಾಲುವೆಯಲ್ಲಿ ಹೋಗುವಾಗ ನಾನು ಮೇಬೆಲ್‌ಳ ಒಲೆ, ಕಪಾಟು, ಬಾಗಿಲಿನ ಹಿತ್ತಾಳೆ ಚಿಲಕ ಎಲ್ಲ ತಿಕ್ಕಿದ್ದೇ ತಿಕ್ಕಿದ್ದು. ಮಾರುವುದಕ್ಕೆ ತಿಕ್ಕುತ್ತಿದ್ದೆನೋ ಉಳಿಸಿಕೊಳ್ಳುವುದಕ್ಕೋ ನನಗೇ ಗೊತ್ತಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಕುಳ್ಳ ಸೇತುವೆಯ ಮುಂದೆ ಲಂಗರು ಹಾಕಿದೆವು. ನಾಲ್ಕು ದಿನದ ಗಾಳಿಗೆ ಕಾಲುವೆಯ ನೀರು ಅರ್ಧ ಅಡಿ ಏರಿ ಕೂತಿತ್ತು. ಹಾಯಿಯ ಅಡ್ಡಮರವನ್ನು ಒಂದು ಬದಿಗೆ ಚಾಚಿ, ಹನ್ನೆರಡು ಕ್ಯಾನು ನೀರು ತೂಗುಬಿಟ್ಟೆವು. ನಮ್ಮ ಹಿಂದೆಯೇ ಬಂದ ದೋಣಿಗಳಿಂದ ಡೋರೀನ್, ಅವಳ ಗಂಡ ಕ್ಲೆಮ್ ಸೇರಿ ಏಳು ಜನ ರಬ್ಬರ್ ದೋಣಿಗಳಲ್ಲಿ ಬಂದು ಹತ್ತಿದರು. ಎಲ್ಲರೂ ಅರವತ್ತು ದಾಟಿದವರು, ಯಾರೂ ಊಟಕ್ಕೆ ಅನ್ಯಾಯ ಮಾಡಿದವರಲ್ಲ.

ಮರ್ಟನ್ ನೋಟ್‌ಬುಕ್ಕು ಪೆನ್ಸಿಲ್ ಹಿಡಿದು ನಿಂತ. "ಒಬ್ಬೊಬ್ರೇ ತೂಕ ಹೇಳಿ."

ಡೋರೀನ್ ನೂರೈವತ್ತು ಪೌಂಡ್ ಎಂದಳು. ಕ್ಲೆಮ್ ನೂರೆಂಬತ್ತು ಎಂದ. ಕ್ವಿಬೆಕ್‌ನ ಗ್ಯಾಸ್ಟನ್ ಆಕಾಶ ನೋಡುತ್ತ ನೂರೆಪ್ಪತ್ತು ಎಂದ. ನಾನು ನೂರರವತ್ತೈದು ಎಂದೆ. ಮರ್ಟನ್ ತನ್ನದನ್ನೂ ಸೇರಿಸಿ ಬರೆದು, ಕೂಡಿ, ಇನ್ನೊಮ್ಮೆ ಕೂಡಿ, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ.

"ಹನ್ನೆರಡು ಡಿಗ್ರಿ ವಾಲ್ಬೇಕು. ಇನ್ನೂ ಇನ್ನೂರು ಪೌಂಡ್ ಕಮ್ಮಿ ಬೀಳುತ್ತೆ."

"ಇನ್ನೂ ನಾಲ್ಕು ಕ್ಯಾನು ಕಟ್ಟು," ಎಂದ ಕ್ಲೆಮ್.

"ಅಡ್ಡಮರ ಮುರಿಯುತ್ತೆ. ಬಿಡಿ, ಪ್ರಯತ್ನ ಮಾಡಿದ್ವಿ." ಮರ್ಟನ್ ಜೇಬಿನಿಂದ ಫೋನು ತೆಗೆದ.

ಕೊಳ್ಳುವವರನ್ನು ಇಲ್ಲಿಗೇ ಕರೆಯಲು ಹೊರಟಿದ್ದ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ನಾನು, ಐವತ್ತು ಪೌಂಡಿನ ಆಲೂಗಡ್ಡೆ ಚೀಲ ನೋಡಿದ ಕೂಡಲೇ ಎರಡು ಪೌಂಡು ಕಡಿಮೆ ಇದ್ದರೆ ಹೇಳುತ್ತಿದ್ದೆ. ಎದುರಿಗೆ ಸಾಲಾಗಿ ಕೂತ ಈ ಮಹಾನುಭಾವರನ್ನು ನೋಡಿದೆ. ನನ್ನನ್ನೂ ನೋಡಿಕೊಂಡೆ. ಸತ್ಯ ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮೇಬೆಲ್ ಹೋಗುತ್ತಾಳೆ.

"ನೂರ ತೊಂಬತ್ತೆಂಟು," ಎಂದೆ.

"ಏನು ನೂರ ತೊಂಬತ್ತೆಂಟು?" ಎಂದಳು ಡೋರೀನ್.

"ನನ್ನ ತೂಕ ಕಣೇ. ನೂರರವತ್ತೈದು ನನ್ನ ಮಗಳ ಮದುವೇಲಿ ಇದ್ದದ್ದು. ಈಗ ಅವಳ ಮಕ್ಕಳೇ ಮದುವೆಗೆ ಬಂದಿದಾರೆ. ನಾಚಿಕೆ ಬಿಟ್ಟು ಹೇಳಿದೀನಿ. ನೀವೂ ಹೇಳಿ."

ಮರ್ಟನ್ ಕಿವಿಯ ಪೆನ್ಸಿಲ್ಲಿಗೆ ಕೈ ಕೂಡ ಹಾಕಲಿಲ್ಲ, ಕೇಳಿಸಲಿಲ್ಲವೇನೋ ಎಂದುಕೊಂಡೆ. ಕಡೆಗೆ ಕ್ಲೆಮ್ ಕೆಮ್ಮಿದ.

"ನೂರೆಂಬತ್ತು ನಾನು ಸೈನ್ಯ ಸೇರಿದಾಗ. ಈಗ ಇನ್ನೂರ ನಲವತ್ತಿರಬಹುದು."

"ಇನ್ನೂರ ಅರವತ್ತು," ಎಂದಳು ಡೋರೀನ್. "ಬಟ್ಟೆ ಒಗೆಯೋಳು ನಾನು, ನಂಗೊತ್ತು."

"ನಿಂದೆಷ್ಟು ಮತ್ತೆ?" ಎಂದ ಕ್ಲೆಮ್.

ಡೋರೀನ್ ಟೋಪಿ ಸರಿಮಾಡಿಕೊಂಡಳು. "ಮೂವತ್ತು ಸೇರಿಸ್ಕೋ ಮರ್ಟನ್. ಇನ್ನು ಆ ವಿಷಯ ಎತ್ತಬೇಡ."

"ನಮ್ಮಲ್ಲಿ ಕಿಲೋ ಲೆಕ್ಕ," ಎಂದ ಗ್ಯಾಸ್ಟನ್. "ಪೌಂಡಿಗೆ ತಿರುಗಿಸೋವಾಗ ಎಲ್ಲೋ ತಪ್ಪಾಗಿದೆ. ನಲವತ್ತು ಹಾಕ್ಕೊಳ್ಳಿ."

ಆಮೇಲೆ ತಡೆಯುವವರೇ ಇಲ್ಲ. ಬೂಟಿನ ಭಾರ ಮರೆತಿದ್ದೆ, ಮನೆಯ ತೂಕದ ಯಂತ್ರ ಕೆಟ್ಟಿತ್ತು, ಡಾಕ್ಟರಿಗೂ ಇಷ್ಟೇ ಹೇಳಿದ್ದೆ ಎಂದು ಒಬ್ಬೊಬ್ಬರೂ ಗಂಟು ಬಿಚ್ಚಿದರು. ಮರ್ಟನ್ ಮತ್ತೆ ಕೂಡಿದ. ನಕ್ಕು ನಕ್ಕು ಅವನ ಕೈ ಅಲುಗಿ ಅಂಕಿಗಳು ಸೊಟ್ಟಗಾಗಿದ್ದವು.

"ಸಾಕಾಯ್ತು," ಎಂದ. "ಸಾಕಾಗಿ ಉಳೀತು."

ಎಲ್ಲರೂ ಒಂದೇ ಬದಿಯ ಕಂಬಿಗೆ ಒತ್ತೊತ್ತಾಗಿ ಕೂತು ಬೆನ್ನು ಹೊರಗೆ ಚಾಚಿದರು. ಮೇಬೆಲ್ ನಿಧಾನಕ್ಕೆ ವಾಲಿದಳು. ಒಳಗೆ ತಟ್ಟೆ ಲೋಟಗಳು ಜಾರಿ ಸದ್ದು ಮಾಡಿದವು. ಮರ್ಟನ್ ಇಂಜಿನ್ನನ್ನು ಸಣ್ಣಗೆ ಇಟ್ಟು ಅಂಗುಲ ಅಂಗುಲವಾಗಿ ಸೇತುವೆಯ ಕೆಳಗೆ ನುಗ್ಗಿಸಿದ. ನಾನು ಕಂಬದ ತುದಿಯನ್ನೇ ನೋಡುತ್ತಿದ್ದೆ. ಮೊದಲ ತೊಲೆ ದಾಟಿತು. ಎರಡನೆಯದು ದಾಟಿತು. ನಡುವಿನ ತೊಲೆಗೂ ಕಂಬಕ್ಕೂ ನನ್ನ ನಾಲ್ಕು ಬೆರಳಷ್ಟು ಜಾಗವಿತ್ತು. ನಾನು ಡೋರೀನ್‌ಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳ ಉಂಗುರದ ಗುರುತು ಮಧ್ಯಾಹ್ನದವರೆಗೂ ನನ್ನ ಅಂಗೈ ಮೇಲಿತ್ತು.

ಆಚೆ ಬಿಸಿಲಿಗೆ ಬಂದಾಗ ಎಲ್ಲರೂ ಒಟ್ಟಿಗೆ ಎದ್ದು ನಿಂತು ದೋಣಿಯನ್ನು ಇನ್ನೊಂದು ಬದಿಗೆ ಓಲಾಡಿಸಿಬಿಟ್ಟರು. ಮರ್ಟನ್ ಬೈದ. ನಾನು ಕೂತಲ್ಲೇ ಅತ್ತೆ, ಈ ಸಲ ಈರುಳ್ಳಿ ಇರಲಿಲ್ಲ.

ಹತ್ತು ಜನಕ್ಕಾಗುವಷ್ಟು ಮೀನಿನ ಸೂಪು ಮಾಡಿ ಬಡಿಸಿದೆ. ಅವರೆಲ್ಲ ಹೋದ ಮೇಲೆ ಮರ್ಟನ್ ಕೊಳ್ಳುವವರಿಗೆ ಫೋನು ಮಾಡಿ, ದೋಣಿ ಮಾರಾಟಕ್ಕಿಲ್ಲ, ಕ್ಷಮಿಸಿ ಎಂದ. ದೋಣಿ ಮತ್ತೆ ಹೊರಟಾಗ ನಾನು ನೋಟ್‌ಬುಕ್ಕು ಎತ್ತಿಕೊಂಡೆ. ಎಲ್ಲರ ಹೆಸರಿನ ಮುಂದೆ ಗೀಟು ಹೊಡೆದು ತಿದ್ದಿದ ಅಂಕಿಗಳಿದ್ದವು. ನನ್ನ ಹೆಸರಿನ ಮುಂದೆ ಮಾತ್ರ ಒಂದೇ ಅಂಕಿ, ಇನ್ನೂರು, ತಿದ್ದಿರಲಿಲ್ಲ.

"ನಾನು ನೂರರವತ್ತೈದು ಅಂದಾಗ ನೀನು ಇದನ್ನೇ ಬರ್ಕೊಂಡ್ಯಾ?"

"ಹೂಂ."

"ಯಾರು ಹೇಳಿದ್ರು ನಿಂಗೆ?"

ಚುಕ್ಕಾಣಿ ಹಿಡಿದಿದ್ದ ಮರ್ಟನ್ ಕಾಲುವೆಯಿಂದ ಕಣ್ಣು ತೆಗೆಯಲಿಲ್ಲ. "ಹ್ಯಾಟರಸ್ ಹತ್ರ ನಿನ್ನ ಎತ್ಕೊಂಡು ಮೆಟ್ಲಿಳಿದೋನು ನಾನಲ್ವಾ. ನೀನು ಕಣ್ಣು ಬಿಡ್ತಿರಲಿಲ್ಲ. ಇನ್ನೊಂದ್ಸಲ ಹಾಗೆ ಎತ್ತೋಕೆ ನನ್ನ ಕೈಲಾಗಲ್ಲ ವರ್ನಾ."

ಹೊರದಾರಿಗೆ ಹೆದರುವವಳು ನಾನೊಬ್ಬಳೇ ಎಂದುಕೊಂಡು ಇಡೀ ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೋಗಿ ಅವನ ಪಕ್ಕದಲ್ಲಿ ಕೂತೆ, ಅವನ ಹೆಗಲಿಗೆ ಒರಗಿದೆ. ಆದರೂ ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ.

"ಎರಡು ಪೌಂಡ್ ಜಾಸ್ತಿ ಬರ್ದಿದೀಯ."

"ಅವತ್ತು ನೀನು ಪೂರ್ತಿ ನೆಂದಿದ್ದೆ," ಎಂದ ಮರ್ಟನ್.