ಗಾಡಿ ನಿಲ್ಲಿಸಲು ಹೋದ ತಮ್ಮ

ಮೂವತ್ತು ವರ್ಷ, ಕಂಡಕಂಡವರ ಮನೆಗೆಲ್ಲ ಟೈಲ್ಸ್ ಹಾಕಿದ ಮಂಡಿ ನನ್ನದು. ನಡುನಡುವೆ ತುಕ್ಕು ಹಿಡಿದ ಚಿಲಕದ ಹಾಗೆ ಸಿಕ್ಕಿಕೊಳ್ಳುತ್ತಿತ್ತು, ಹಾಳಾದ್ದು. ಡಾಕ್ಟರು ನೋಡಿ, "ಕೀಲೊಳಗೆ ಚೂರುಗಳು ಕಿತ್ತು ಬಂದು ಓಡಾಡ್ತಿವೆ. ಎರಡು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ತೆಗೀತೀವಿ. ಸಂಜೆಗೇ ಮನೆಗೆ ಹೋಗಬಹುದು. ಆದ್ರೆ ಕರ್ಕೊಂಡು ಹೋಗೋಕೆ ನಿಮ್ಮವರು ಒಬ್ರು ಇರ್ಲೇಬೇಕು," ಎಂದರು.

ತೂತಿಗೆ ನಾನು ಹೆದರಲಿಲ್ಲ. ನಿಮ್ಮವರು ಅಂದರಲ್ಲ, ಅದಕ್ಕೆ ಹೆದರಿದೆ. ಹೆಂಡತಿ ತೀರಿಕೊಂಡು ಆರು ವರ್ಷ. ಇರುವ ಒಬ್ಬ ತಮ್ಮ ನನ್ನ ಜೊತೆಗೇ ಕೆಲಸ ಮಾಡುತ್ತಿದ್ದವನು. ಹನ್ನೊಂದು ವರ್ಷದ ಹಿಂದೆ ಅವನು ಹಾಕಿದ ಬಚ್ಚಲಿಗೆ ಇಳಿಜಾರಿನ ವಾಟ ತಪ್ಪಿ, ನೀರು ಬಾಗಿಲ ಕಡೆ ಹರಿಯಿತು. ಮನೆಯವರೆದುರೇ "ನೀನಿದ್ರೆಷ್ಟು, ಬಿಟ್ರೆಷ್ಟು" ಎಂದುಬಿಟ್ಟೆ. ಕರಣೆ ಅಲ್ಲೇ ಇಟ್ಟು ಹೋದ. ಕರೆಯಲು ನನ್ನ ಜಂಬ ಬಿಡಲಿಲ್ಲ.

ಆಪರೇಷನ್ ದಿನ ನರ್ಸಮ್ಮ ಫಾರಂ ಹಿಡಿದು, "ಜೊತೆಗೆ ಯಾರು?" ಎಂದಳು.

"ತಮ್ಮ. ಗಾಡಿ ನಿಲ್ಲಿಸೋಕೆ ಹೋಗಿದಾನೆ."

ಬಾಯಿಗೆ ಬಂದದ್ದು ಅದೇ. ನಂಬರು ಕೇಳಿದಾಗಲೂ ಅವನದನ್ನೇ ಬರೆದೆ. ನನಗೆ ಬಾಯಿಪಾಠ ಇದ್ದದ್ದು ಅದೊಂದೇ.

ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಟಿವಿಯಲ್ಲಿ ನನ್ನ ಮಂಡಿಯೊಳಗನ್ನು ನಾನೇ ನೋಡಿದೆ. ಬಿಳೀ ಚೂರೊಂದು ನೀರಲ್ಲಿ ತೇಲುತ್ತ, ಇಕ್ಕಳ ಹತ್ತಿರ ಬಂದರೆ ಜಾರಿಕೊಳ್ಳುತ್ತಿತ್ತು.

"ಎಲ್ಲೂ ಅಂಟಿಕೊಂಡಿಲ್ಲ, ತಾನೇ ಬೆಳ್ಕೊಂಡಿದೆ ನೋಡಿ," ಎಂದರು ಡಾಕ್ಟರು. ಥೇಟ್ ನನ್ನ ಹಾಗೇ ಅಂತ ನಗಲು ಹೋದೆ, ಅಳು ಬಂತು.

"ನೋವಾ?"

"ಇಲ್ಲ ಸಾರ್."

ಮಧ್ಯಾಹ್ನ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚಗಳ ಸುತ್ತ ಜನವೋ ಜನ. ನನ್ನ ಪಕ್ಕ ಸೀಸೆಯಲ್ಲಿ ಮೂರು ಚೂರು. ಇನ್ನೇನು ಸುಳ್ಳು ಬಯಲಾಗಿ ನರ್ಸಮ್ಮ ಉಗಿಯುತ್ತಾಳೆಂದು ಕಾದೆ.

ಬಂದಳು. "ನಿಮ್ಮ ತಮ್ಮಂಗೆ ಫೋನ್ ಮಾಡಿದ್ದೆ. 'ಅಣ್ಣಂಗೆ ಆಪರೇಷನ್ ಮುಗೀತು, ಇನ್ನೂ ಗಾಡಿ ನಿಲ್ಲಿಸ್ತಾನೇ ಇದೀರಾ' ಅಂದೆ. ಯಾವ ವಾರ್ಡು ಅಂತ ಕೇಳಿದ್ರು. ಆಮೇಲೆ, 'ಜಾಗ ಸಿಕ್ಕಿಲ್ಲ ಮೇಡಂ, ಹುಡುಕ್ತಾ ಇದೀನಿ, ಬಂದೆ' ಅಂದ್ರು."

ಅವನಿಗೆ ಸೈಕಲ್ಲು ಬಿಟ್ಟರೆ ಬೇರೆ ಗಾಡಿ ಬರದು. ಇರುವುದು ಬಸ್ಸಿನಲ್ಲಿ ನಾಲ್ಕು ಗಂಟೆ ದೂರ.

ಸಂಜೆ ಬಾಗಿಲಲ್ಲಿ ನಿಂತಿದ್ದ. ಕೂದಲೆಲ್ಲ ನೆರೆತಿತ್ತು. "ತಡ ಆಯ್ತು ಕಣಣ್ಣ, ಜಾಗ ಸಿಗ್ಲಿಲ್ಲ."

"ಹನ್ನೊಂದು ವರ್ಷ ಬೇಕಾಯ್ತೇನೋ, ದರಿದ್ರದವನೇ!"

ಭುಜ ಕೊಟ್ಟು ಎಬ್ಬಿಸಿದ. ನಾಲ್ಕು ಹೆಜ್ಜೆ ಹೋಗಿ, ಹಳೇ ಅಭ್ಯಾಸ, ಕೆಳಗೆ ನೋಡಿದ. "ನಿಧಾನ ಅಣ್ಣ. ಇಲ್ಲಿ ನೆಲದ ವಾಟ ಸರಿ ಇಲ್ಲ."

"ನೀರು ಯಾವ ಕಡೆ ಬೇಕಾದ್ರೂ ಹೋಗ್ಲಿ ಬಿಡೋ," ಎಂದೆ.