ಒಳಗಿನ ಚಿಲಕ

“ಬಾಚಣಿಗೆ ಇಲ್ಲಿ ಕೊಡು, ನಾನು ಬಾಚ್ತೀನಿ,” ಎಂದು ಚಿಕ್ಕಮ್ಮ ಕೈ ಚಾಚಿದಳು.

“ಬೇಡ ಚಿಕ್ಕಮ್ಮ,” ಎಂದಳು ಮಗಳು. “ಅಮ್ಮ ತನ್ನ ತಲೆ ನನ್ನ ಕೈಗೆ ಕೊಟ್ಟು ಎಂಟು ವರ್ಷ ಆಯ್ತು. ಇವತ್ತು ಬೈಯೋ ಹಾಗಿಲ್ಲ.”

ಅಳುತ್ತಿದ್ದ ಚಿಕ್ಕಮ್ಮನಿಗೆ ನಗು ಬಂದುಬಿಟ್ಟಿತು. ಮಂಚದ ಮೇಲೆ ಮಲಗಿಸಿದ್ದ ಅಕ್ಕನ ಹಣೆಯಿಂದ ಒಂದು ಬಿಳಿ ಕೂದಲನ್ನು ಸರಿಸಿದಳು. ನಿನ್ನೆ ಮಧ್ಯಾಹ್ನ ಗಿರಾಕಿಗಳ ಬಟ್ಟೆ ಮುಗಿಸಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ಅಂಗಡಿಯ ಸ್ಟೂಲಿನ ಮೇಲೆ ಕೂತವಳು ಮತ್ತೆ ಎದ್ದಿರಲಿಲ್ಲ. ಬೀದಿಯವರೆಲ್ಲ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದ ಅವಳಿಗೆ ಅರವತ್ತೇಳಾಗಿತ್ತು.

ಬಾಗಿಲಲ್ಲಿ ತೆಳ್ಳಗಿನ ನಡುವಯಸ್ಸಿನವನೊಬ್ಬ ಬಂದು ನಿಂತ.

“ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸೋರು,” ಎಂದು ಮಗಳು ಚಿಕ್ಕಮ್ಮನಿಗೆ ಹೇಳಿದಳು. “ಐಸಿಯುನಿಂದ ಬಂದ ಮೇಲೆ ಅಮ್ಮನ್ನ ನಡೆಸಿದ್ದು ಇವರೇ.”

“ನಾನೆಲ್ಲಿ ನಡೆಸಿದೆ? ಪಕ್ಕದಲ್ಲಿ ನಿಂತು ಎಣಿಸ್ತಿದ್ದೆ ಅಷ್ಟೆ. ಹತ್ತು ಸಲ ಸಾಕು ಅಂದ್ರೆ ಹನ್ನೆರಡು ಮಾಡಿ, ನಿಮಗೆ ಎಣಿಸೋಕೆ ಬರಲ್ಲ ಅಂತಿದ್ರು.”

“ಅಮ್ಮ ಬಚ್ಚಲಿಗೆ ಚಿಲಕ ಹಾಕ್ಕೊಂಡ ದಿನ, ನೀವೇ ಹೇಳಿಕೊಟ್ಟಿದ್ದು ಅಂತ ನಿಮ್ಮ ಮೇಲೆ ಜಗಳಕ್ಕೆ ಬಂದಿದ್ದೆ.”

“ನಾನು ಹೇಳಿಕೊಟ್ಟಿದ್ದು ಕುರ್ಚಿಯಿಂದ ಏಳೋದು, ಕೂರೋದು. ಚಿಲಕ ಅವರದ್ದೇ ಸ್ವಂತ ವ್ಯಾಯಾಮ.”

*

ಎಂಟು ವರ್ಷದ ಹಿಂದೆ ಎದೆಯ ಸೋಂಕು ರಕ್ತಕ್ಕೇರಿ ಇಸ್ತ್ರಿಯಮ್ಮ ಇಪ್ಪತ್ತೆರಡು ದಿನ ಐಸಿಯುವಿನಲ್ಲಿದ್ದಳು. ಅದರಲ್ಲಿ ಹದಿನಾಲ್ಕು ದಿನ ಯಂತ್ರ ಉಸಿರಾಡಿಸಿತ್ತು. ಜೀವವೊಂದನ್ನೇ ಹೊತ್ತು, ಉಳಿದದ್ದನ್ನೆಲ್ಲ ಆಸ್ಪತ್ರೆಯಲ್ಲೇ ಬಿಟ್ಟವಳ ಹಾಗೆ ಮನೆಗೆ ಬಂದಳು. ಮೂವತ್ತು ವರ್ಷ ಇಸ್ತ್ರಿಪೆಟ್ಟಿಗೆ ಆಡಿಸಿದ ಕೈಗೆ ನೀರಿನ ಲೋಟ ಭಾರವಾಗಿತ್ತು.

ಶಾಲೆಯ ಬಸ್ಸು ಓಡಿಸುತ್ತಿದ್ದ ಮಗಳು ರಜೆ ಹಾಕಿದಳು. ಉಣಿಸಿದಳು, ತಲೆ ಬಾಚಿದಳು, ಕೂರಿಸಿ ಸ್ನಾನ ಮಾಡಿಸಿದಳು. ಅಮ್ಮ ಅಂಗಿಯ ಒಂದು ಗುಂಡಿಗೆ ಕೈ ಹಾಕುವಷ್ಟರಲ್ಲಿ ಉಳಿದ ನಾಲ್ಕನ್ನು ಮಗಳು ಹಾಕಿ ಮುಗಿಸಿರುತ್ತಿದ್ದಳು. ಬಚ್ಚಲ ಬಾಗಿಲನ್ನು ಎಂದೂ ಮುಚ್ಚಬಾರದೆಂದು ಒಳಗಿನ ಚಿಲಕಕ್ಕೆ ಬಟ್ಟೆ ಸುತ್ತಿ ಬಿಗಿದಿದ್ದಳು.

ಮಗಳು ಸಾಮಾನು ತರಲು ಹೋದಾಗ ಮಾತ್ರ ಅಮ್ಮನ ಕೆಲಸ ಶುರುವಾಗುತ್ತಿತ್ತು. ಕುರ್ಚಿಯ ಬೆನ್ನಿಗೆ ಹಳೆಯ ಅಂಗಿ ತೊಡಿಸಿ ಗುಂಡಿ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಬೆರಳು ಸೋತರೆ ಬೈದು, ಸುಧಾರಿಸಿಕೊಂಡು, ಮತ್ತೆ.

ಎರಡೂವರೆ ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವಳು ಚಿಲಕದ ಬಟ್ಟೆಯನ್ನು ತಾನೇ ಬಿಚ್ಚಿ, ಒಳಗಿನಿಂದ ಬಾಗಿಲು ಹಾಕಿಕೊಂಡಳು.

“ಅಮ್ಮಾ! ಬಾಗಿಲು ತೆಗಿ!”

“ತೆಗೀತೀನಿ, ಮೈ ಒರೆಸಿಕೊಂಡ ಮೇಲೆ.”

“ಬಿದ್ರೆ ಏನ್ ಮಾಡ್ತೀಯ?”

“ಬಿದ್ರೆ ಸದ್ದಾಗುತ್ತೆ, ನಿನಗೇ ಗೊತ್ತಾಗುತ್ತೆ. ನೀನು ಹೀಗೆ ಬಡೀತಾ ಇದ್ರೆ ನಾನು ಬಿದ್ದಿದ್ದೂ ಕೇಳಿಸಲ್ಲ.”

ಮಗಳು ಬಡಿಯುವುದನ್ನು ನಿಲ್ಲಿಸಿ ಬಾಗಿಲಿಗೆ ಕಿವಿಯಿಟ್ಟಳು. ನೀರು ಸುರಿದ ಸದ್ದು. ಆಮೇಲೆ ಏನೂ ಇಲ್ಲ. ಮತ್ತೆ ನೀರು. ನಡುವೆ ಏನೋ ದೊಪ್ಪೆಂದು ಬಿತ್ತು. ಎತ್ತಿದ ಮುಷ್ಟಿ ಬಾಗಿಲಿಗೆ ತಾಗುವ ಮುಂಚೆ ಒಳಗಿನಿಂದ ಗೊಣಗಾಟ ಕೇಳಿಸಿತು: “ಹಾಳಾದ ಸೋಪು, ಬಿದ್ದಿರು ಅಲ್ಲೇ.”

ಮುಕ್ಕಾಲು ಗಂಟೆಯ ಮೇಲೆ ಚಿಲಕ ಸರಿಯಿತು. ಅಮ್ಮ ಗೋಡೆ ಹಿಡಿದು ನಿಂತಿದ್ದಳು. ಕಿವಿಯ ಹಿಂದೆ ನೊರೆ ಇನ್ನೂ ಉಳಿದಿತ್ತು. ಅಂಗಿಯ ಗುಂಡಿಗಳೆಲ್ಲ ಒಂದೊಂದು ಕಾಜಾ ಮೇಲಕ್ಕೆ ಹತ್ತಿದ್ದವು. ಮುಖ ಮಾತ್ರ ಓಟ ಗೆದ್ದುಬಂದವಳ ಹಾಗಿತ್ತು.

“ಗುಂಡಿ ತಪ್ಪಿದೆ,” ಎಂದು ಮಗಳು ಕೈ ಮುಂದೆ ಮಾಡಿದಳು.

ಅಮ್ಮ ಆ ಕೈಯನ್ನು ಹಿಡಿದುಕೊಂಡಳು. “ಗೊತ್ತು ಪುಟ್ಟಿ. ನಾನೇ ತಪ್ಪು ಹಾಕಿರೋದು. ನೀನಿನ್ನು ಬಸ್ಸಿಗೆ ಹೋಗು.”

ಮಗಳು ಅಲ್ಲೇ ನೆಲಕ್ಕೆ ಕುಸಿದು ಕೂತು ಅತ್ತಳು. ಅಮ್ಮ ಬಗ್ಗಿ ಎಬ್ಬಿಸುವಷ್ಟು ಗಟ್ಟಿಯಾಗಿರಲಿಲ್ಲ. ತಲೆಯ ಮೇಲೆ ಕೈಯಿಟ್ಟು, ಅಳು ಮುಗಿಯುವವರೆಗೂ ನಿಂತೇ ಇದ್ದಳು.

*

“ಅಂಗಡಿ ಬಾಗಿಲು ತೆಗೆಯೋಕೆ ಮತ್ತೆ ನಾಲ್ಕು ತಿಂಗಳು ಹಿಡೀತು,” ಎಂದಳು ಮಗಳು, ಸ್ಮಶಾನದ ಹಾದಿಯಲ್ಲಿ. “ಮೊದಲನೇ ದಿನ ಒಂದೇ ಷರ್ಟು. ಬೆಳಗ್ಗೆಯೆಲ್ಲ ಅದಕ್ಕೇ ಆಯ್ತು.”

“ಆ ಷರ್ಟು ನಂದು!” ಎಂದ ಅಂಗಡಿಯ ಪಕ್ಕದ ಕ್ಷೌರಿಕ. “ಒಂದು ತೋಳಿಗೆ ಎರಡು ಇಸ್ತ್ರಿ ಗೆರೆ ಬಿದ್ದಿತ್ತು. ಇದೇನಮ್ಮ ಅಂದ್ರೆ, ‘ನೀನು ಒಂದು ಕೇಳಿದ್ದೆ, ನಾನು ಎರಡು ಕೊಟ್ಟಿದ್ದೀನಿ, ಸುಮ್ನೆ ತಗೊಂಡ್ಹೋಗು’ ಅಂದ್ರು.”

ವ್ಯಾಯಾಮದವನು ಜೋರಾಗಿ ನಕ್ಕುಬಿಟ್ಟ. ಮುಂದೆ ನಡೆಯುತ್ತಿದ್ದವರು ತಿರುಗಿ ನೋಡಿ, ವಿಷಯ ಕೇಳಿಕೊಂಡು, ಅವರೂ ನಕ್ಕರು.

ಹಿಡಿ ಮಣ್ಣು ಹಾಕಲು ಬೀದಿಯವರೆಲ್ಲ ಸಾಲಾಗಿ ಬಂದರು. ಕ್ಷೌರಿಕ, ಔಷಧಿ ಅಂಗಡಿಯವನು, ಶಾಲೆಯ ಮೇಷ್ಟ್ರು, ಬಸ್ಸಿನ ಮಕ್ಕಳ ತಂದೆತಾಯಿಯರು. ಇವತ್ತಿಗೆಂದು ಎಲ್ಲರೂ ಕಪಾಟಿನಿಂದ ಇದ್ದುದರಲ್ಲೇ ಒಳ್ಳೆಯ ಬಟ್ಟೆ ತೆಗೆದು ಹಾಕಿಕೊಂಡಿದ್ದರು. ಮಗಳು ಪಕ್ಕದಲ್ಲಿ ನಿಂತು ನೋಡಿದಳು. ಮಣ್ಣಿಗೆ ಬಾಗಿದ ಒಂದೊಂದು ತೋಳಿನ ಮೇಲೂ, ಭುಜದಿಂದ ಮಣಿಕಟ್ಟಿನವರೆಗೆ, ಒಂದೇ ಒಂದು ಗೆರೆ ನೆಟ್ಟಗೆ ನಿಂತಿತ್ತು.